ಹೊಸ ಕ್ಯಾಮರಾ ಕೊಂಡುದು

ಮದುವೆಯ ಮನೆಗೆ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕಡೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತುಕೊಳ್ಳುವವನು ಫೋಟೋದವನು. ಅಡಿಗೆಯವರು ಅವನಿಗಿಂತಲೂ ಮೊದಲೇ ಬಂದಿರುತ್ತಾರೆಂದು ಯಾರಾದರೂ ಆಕ್ಷೇಪಿಸಬಹುದು. ನಿಜವೆ, ಆದರೆ ಅಡಿಗೆಯವರಿಗೆ ಹಸಿವಾದರೆ ಅನ್ನವು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ. ನಾನು ನಲವತ್ತು ವರ್ಷಗಳಿಂದ ಈ ಕಡೆಯ ಪಂಕ್ತಿಯ ಸದಸ್ಯನು. ರಾಜಾಜಿನಗರದ ಭಾಷ್ಯಂ ವೃತ್ತದಿಂದ ಸ್ವಲ್ಪ ದೂರದ ಅಡ್ಡರಸ್ತೆಯೊಂದರಲ್ಲಿ ನನ್ನ ಸ್ಟುಡಿಯೋ ಇದೆ. ಸ್ಟುಡಿಯೋ ಎಂಬುದು ದೊಡ್ಡ ಮಾತು; ಹತ್ತಡಿ ಅಗಲದ ಒಂದು ಮಳಿಗೆ, ಒಂದು ನೀಲಿಯ ಪರದೆ, ಒಂದು ಬಾಚಣಿಗೆ, ಒಂದು ಕನ್ನಡಿ. ಈ ವರ್ಷದ ಆಷಾಢದಲ್ಲಿ ನಾವು ಒಂದು ಹೊಸ ಕ್ಯಾಮರಾ ಕೊಂಡೆವು. ಕೊಂಡುದು ಸಣ್ಣ ವಿಷಯ. ಕೊಳ್ಳುವುದಕ್ಕೆ ಮೊದಲು ಮನೆಯಲ್ಲಿ ನಡೆದ ಚರ್ಚೆಯೂ, ಆ ಚರ್ಚೆಯಲ್ಲಿ ನನ್ನ ಬಾಯಿಂದ ಹೊರಬಿದ್ದ ಒಂದು ಹಳೆಯ ಸಂಗತಿಯೂ ಅಷ್ಟು ಸಣ್ಣವಲ್ಲವಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದುದು 1984ರಲ್ಲಿ. ನವರಂಗ್ ಚಿತ್ರಮಂದಿರದ ಕಡೆಯ ಒಂದು ಸ್ಟುಡಿಯೋದಲ್ಲಿ ದೀಪ ಹಿಡಿಯುವ ಹುಡುಗನಾಗಿದ್ದೆನು. ನಮ್ಮ ಯಜಮಾನರ ಬಳಿ ಇದ್ದುದು ಯಾಷಿಕಾ ಮ್ಯಾಟ್ 124ಜಿ ಎಂಬ ಪೆಟ್ಟಿಗೆಯಂಥ ಯಂತ್ರ. ಅದಕ್ಕೆ ಎರಡು ಕಣ್ಣು: ಮೇಲಿನದು ನೋಡುವುದಕ್ಕೆ, ಕೆಳಗಿನದು ಪಟ ತೆಗೆಯುವುದಕ್ಕೆ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಉಜ್ಜುಗಾಜಿನಲ್ಲಿ ನೋಡಬೇಕು. ಹೊರಗಿನವರಿಗೆ ಫೋಟೋದವನು ಮದುಮಕ್ಕಳಿಗೆ ನಮಸ್ಕಾರ ಮಾಡುತ್ತಿರುವಂತೆ ಕಾಣುತ್ತಿದ್ದಿತು. ಗಾಜಿನಲ್ಲಿ ಚಿತ್ರವು ನೆಟ್ಟಗೆ ಕಂಡರೂ ಎಡಬಲಗಳು ಅದಲುಬದಲಾಗಿರುತ್ತಿದ್ದುವು. ನಮ್ಮಲ್ಲಿ ವಧುವು ವರನ ಯಾವ ಪಕ್ಕಕ್ಕೆ ಯಾವಾಗ ಕುಳಿತುಕೊಳ್ಳಬೇಕೆಂಬುದಕ್ಕೆ ಶಾಸ್ತ್ರವುಂಟಷ್ಟೆ. ಆ ಗಾಜಿನೊಳಗೆ ಎಲ್ಲ ಮದುವೆಗಳೂ ಅಶಾಸ್ತ್ರೀಯವಾಗಿಯೇ ನಡೆಯುತ್ತಿದ್ದುವು. ಒಂದು ರೋಲಿಗೆ 12 ಪಟ. ಕಪ್ಪುಬಿಳುಪು ಸಾಕೆಂದವರಿಗೆ ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲಂಸ್ ಕಾರ್ಖಾನೆಯ ‘ಇಂದು’ ರೋಲು, ಅನುಕೂಲಸ್ಥರಿಗೆ ಬಣ್ಣದ್ದು. ಐದು ರೋಲು, ಎಂದರೆ 60 ಪಟ, ಒಂದು ಒಳ್ಳೆಯ ಮದುವೆಗೆ ಧಾರಾಳವಾಯಿತೆಂದು ಲೆಕ್ಕ. ಈಗ ನನ್ನ ಮಗಳೂ ನಾನೂ ಸೇರಿ ಒಂದು ಮದುವೆಗೆ ಮೂರು ಸಾವಿರಕ್ಕೆ ಕಡಮೆಯಿಲ್ಲದೆ ತೆಗೆಯುತ್ತೇವೆ. ಅವುಗಳಲ್ಲಿ ಆರಿಸಿ ಕರಿಜ್ಮಾ ಆಲ್ಬಮ್ಮಿಗೆ ಹೋಗುವುವು ಒಂದೆರಡು ನೂರು. ಜನರು ನೋಡುವುವು ಈಗಲೂ ಆ ಹಳೆಯ ಅರುವತ್ತೇ ಎಂದು ನನ್ನ ಅನುಮಾನ.

ಆಮೇಲೆ ನಾನು ಸ್ವತಂತ್ರನಾಗಿ, ಕನ್ನಡಿಯ ಕ್ಯಾಮರಾಕ್ಕೆ ಬಂದೆನು. ಎಸ್‌ಎಲ್‌ಆರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಲೆನ್ಸಿನ ಹಿಂದೆ ಓರೆಯಾಗಿ ನಿಲ್ಲಿಸಿದ ಒಂದು ಪುಟ್ಟ ಕನ್ನಡಿಯು ಬೆಳಕನ್ನು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕೊಡುತ್ತದೆ. ಗುಂಡಿಯನ್ನೊತ್ತಿದಾಗ ಕನ್ನಡಿಯು ಮೇಲಕ್ಕೆ ಹಾರಿ ದಾರಿ ಬಿಡುತ್ತದೆ, ಹಿಂದಿನ ಶಟರು ತೆರೆದು ಮುಚ್ಚುತ್ತದೆ, ಕನ್ನಡಿಯು ಮತ್ತೆ ಸ್ವಸ್ಥಾನಕ್ಕೆ ಬೀಳುತ್ತದೆ. ‘ಟಕ್’ ಎಂಬ ಶಬ್ದ ಬಹುಮಟ್ಟಿಗೆ ಈ ಕನ್ನಡಿಯ ಹಾರಾಟದ್ದು. ಈ ಏರ್ಪಾಟಿನಲ್ಲಿ ಒಂದು ವಿಚಿತ್ರವುಂಟು. ಪಟವು ಮೂಡುವ ಆ ಕ್ಷಣದಲ್ಲಿ ಕನ್ನಡಿ ಮೇಲಿರುವುದರಿಂದ ನಮ್ಮ ಕಣ್ಣಿಗೆ ಕತ್ತಲೆ. ಎಂದರೆ, ಫೋಟೋದವನು ತಾನು ತೆಗೆದುದನ್ನು ನೋಡಿಯೇ ಇರುವುದಿಲ್ಲ. ಅದರ ಹಿಂದಿನದನ್ನೂ ಮುಂದಿನದನ್ನೂ ಮಾತ್ರ ನೋಡಿರುತ್ತಾನೆ. ಮೂವತ್ತು ವರ್ಷಗಳಲ್ಲಿ ಅದೆಷ್ಟು ಮಂದಿ ವರರು ಮಾಂಗಲ್ಯ ಕಟ್ಟಿದರೊ, ಆ ಗಂಟು ಬಿದ್ದ ಚಣವನ್ನು ಊರೆಲ್ಲ ನೋಡಿತು, ನಾನೊಬ್ಬ ನೋಡಲಿಲ್ಲ.

1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಜಗತ್ತಿನ ವೃತ್ತಿನಿರತರಲ್ಲಿ ಬಹುಪಾಲು ಜನರ ಕೈಯಲ್ಲಿ ಈ ಕನ್ನಡಿಯ ಯಂತ್ರವೇ ಆಳಿತು. ಫಿಲಂ ಹೋಗಿ ಡಿಜಿಟಲ್ ಬಂದಾಗಲೂ ಕನ್ನಡಿ ಹೋಗಲಿಲ್ಲ. 2013ರಲ್ಲಿ ಸೋನಿಯವರು ಎ7 ಎಂಬುದನ್ನು ಹೊರತಂದರು; 2018ರಲ್ಲಿ ನಿಕಾನಿನವರೂ ಕ್ಯಾನನ್ನಿನವರೂ ಅದೇ ದಾರಿ ಹಿಡಿದರು. ಕನ್ನಡಿಯನ್ನು ತೆಗೆದುಹಾಕಿ, ಚಿತ್ರಗ್ರಾಹಕ ಫಲಕದ ಮೇಲೆ ಬಿದ್ದುದನ್ನೇ ಒಂದು ಪುಟ್ಟ ಪರದೆಯಲ್ಲಿ ಕಣ್ಣಿಗೆ ತೋರಿಸುವ ಕ್ರಮವದು. ಹೊಸ ಲೆನ್ಸು, ಹೊಸ ಸುಧಾರಣೆ, ಎಲ್ಲವೂ ಈಗ ಅತ್ತ ಕಡೆಗೇ ಹರಿಯುತ್ತಿವೆ. ನನ್ನ ಬಳಿ ಇದ್ದುದು 2012ರಲ್ಲಿ ಹೊರಬಂದ ಕ್ಯಾನನ್ 5ಡಿ ಮಾರ್ಕ್ 3. ನಾನು ಕೊಂಡುದು 2014ರಲ್ಲಿ. ಅದರ ಶಟರಿಗೆ ತಯಾರಕರು ಕೊಟ್ಟ ಆಯುಸ್ಸು 1,50,000 ಪಟ. ಮದುವೆಯ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಅದರ ಶಟರನ್ನು ನಾನು ಎರಡು ಸಲ ಬದಲಾಯಿಸಿದ್ದೆನು. ಎರಡನೆಯ ಸಲ ಬಿಚ್ಚಿದ ಮೆಕ್ಯಾನಿಕ್ಕು, “ಇನ್ನೊಂದು ಸಲ ತರಬೇಡಿ ಸಾರ್, ಸಾಮಾನು ಸಿಕ್ಕೋದು ಕಷ್ಟ” ಎಂದು, ವೈದ್ಯರು ರೋಗಿಯ ಕಡೆಯವರನ್ನು ಹೊರಗೆ ಕರೆದು ಹೇಳುವ ಧ್ವನಿಯಲ್ಲಿ ಹೇಳಿದನು.

ಮಗಳು ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ನನ್ನ ಜತೆಗೆ ಬರುತ್ತಿದ್ದಾಳೆ. ಇದರಿಂದ ವೃತ್ತಿಗೆ ಬಂದ ಲಾಭವನ್ನು ಹೇಳಲೇಬೇಕು. ಮದುಮಗಳಿಗೆ ಅಲಂಕಾರ ಮಾಡುವ ಕೋಣೆಯ ಬಾಗಿಲಲ್ಲಿ ನಾನು ಮೂವತ್ತೈದು ವರ್ಷ ನಿಂತು, ‘ಒಳಗೆ ಬರಬಹುದೆ?’ ಎಂದು ಕೇಳಿ, ಎಲ್ಲರೂ ಸೆರಗು ಸರಿಮಾಡಿಕೊಂಡ ಮೇಲೆ ಹೋಗಿ, ಎಲ್ಲರೂ ಸರಿಯಾಗಿರುವ ಪಟವನ್ನೇ ತೆಗೆದೆನು. ಅವಳು ಕೇಳದೆಯೆ ಹೋಗುತ್ತಾಳೆ. ಅವಳ ಪಟಗಳಲ್ಲಿ ಮದುಮಗಳ ಅಕ್ಕ ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡಿರುತ್ತಾಳೆ, ಚಿಕ್ಕಮ್ಮ ಹೂವಿನ ಚೆಂಡನ್ನು ಯಾರು ಕಡಮೆ ತಂದರೆಂದು ಜಗಳವಾಡುತ್ತಿರುತ್ತಾಳೆ. ಕ್ಯಾಂಡಿಡ್ ಎಂಬುದು ಅದಕ್ಕೆ ಈಗಿನ ಹೆಸರು. ಹೆಸರು ಹೇಗಾದರೂ ಇರಲಿ, ಅವು ನನ್ನವುಗಳಿಗಿಂತ ಚೆನ್ನಾಗಿವೆ.

ಆಷಾಢ ಬಂದಿತು. ಆ ತಿಂಗಳು ಮದುವೆಗಳಿಲ್ಲ. ನಮ್ಮಂಥವರಿಗೆ ಹಳೆಯ ಬಾಕಿ ವಸೂಲು ಮಾಡುವುದಕ್ಕೂ ಹೊಸ ಸಾಲದ ಯೋಚನೆಗೂ ಪ್ರಶಸ್ತವಾದ ಕಾಲ. ಬಸವೇಶ್ವರನಗರದ ನಮ್ಮ ಮನೆಯ ನಡುಮನೆಯಲ್ಲಿ ಪ್ರತಿ ರಾತ್ರಿಯೂ ಊಟವಾದ ಮೇಲೆ ಕ್ಯಾಮರಾದ ಸಭೆ. ಸಹವೃತ್ತಿಯ ಮಿತ್ರರು ತಲೆಗೊಂದು ಸಲಹೆ ಕೊಟ್ಟಿದ್ದರು. ಸೋನಿಗೆ ಹೋಗು ಎಂದವರು ಒಬ್ಬರು, ನಿಕಾನಿನ ಹಿಡಿತವೇ ಹಿಡಿತ ಎಂದವರು ಇನ್ನೊಬ್ಬರು. ಇವೆಲ್ಲವೂ ಒಳ್ಳೆಯ ಯಂತ್ರಗಳೇ. ಆದರೆ ಕಂಪನಿ ಬದಲಾದರೆ ಲೆನ್ಸುಗಳೂ ಬದಲಾಗಬೇಕು. ಕ್ಯಾಮರಾ ಬಾಡಿಗೆಯ ಮನೆ ಇದ್ದ ಹಾಗೆ, ಹತ್ತು ವರ್ಷಕ್ಕೊಮ್ಮೆ ಬಿಡಲೇಬೇಕು. ಲೆನ್ಸುಗಳು ಪಾತ್ರೆಪಡಗ, ಜತೆಯಲ್ಲಿಯೇ ಬರತಕ್ಕವು. ಕ್ಯಾನನ್ನಿನವರು 1987ರಲ್ಲಿ ಆರಂಭಿಸಿದ ಇಎಫ್ ಲೆನ್ಸುಗಳು ಒಂದು ಅಡಾಪ್ಟರ್ ಬಳೆಯನ್ನು ತೊಡಿಸಿದರೆ ಅವರ ಹೊಸ ಯಂತ್ರಗಳಲ್ಲಿಯೂ ತಾವಾಗಿಯೇ ಫೋಕಸ್ ಮಾಡಿಕೊಂಡು ಕೆಲಸ ಮಾಡುತ್ತವೆ. ನನ್ನ ಬಳಿ ಅಂಥವು ಮೂರಿದ್ದುವು. ಕಂಪನಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಉಳಿದ ಪ್ರಶ್ನೆಯನ್ನು ಹೇಳುವುದಕ್ಕೆ ಮೊದಲು, ನಮ್ಮ ಮದುವೆಗಳು ಒಂದು ಯಂತ್ರದಿಂದ ಏನನ್ನು ಕೇಳುತ್ತವೆ ಎಂಬುದನ್ನು ಓದುಗರ ಗಮನಕ್ಕೆ ತರಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರು ಹೇಳುವುದು ಇಷ್ಟು ಮೆಗಾಪಿಕ್ಸೆಲ್, ಅಷ್ಟು ಮೆಗಾಪಿಕ್ಸೆಲ್ ಎಂದು. ಆಲ್ಬಮ್ಮಿನ ಅತಿ ದೊಡ್ಡ ಹಾಳೆಗೂ 20 ಸಾಕು. ನಮ್ಮ ಕಷ್ಟಗಳು ಬೇರೆ. ಮುಹೂರ್ತವು ಬ್ರಾಹ್ಮೀ ಕಾಲದಲ್ಲಿದ್ದರೆ ಮಂಟಪದಲ್ಲಿ ಬೆಳಕೇ ಇರುವುದಿಲ್ಲ. ಇದ್ದರೂ ಅರ್ಧ ಹಳದಿ, ಅರ್ಧ ನೀಲಿ. ಅಂತಃಪಟ ಸರಿದು ಜೀರಿಗೆ ಬೆಲ್ಲ ಬೀಳುವುದು ಕಣ್ಣೆವೆ ಹೊಡೆಯುವಷ್ಟರಲ್ಲಿ ಆಗಿಹೋಗುತ್ತದೆ. ಆಗ ಇಬ್ಬರ ಮುಖದಲ್ಲಿಯೂ ಮೂಡುವ ನಗೆ ಮತ್ತೊಮ್ಮೆ ಬಾರದು. ಮಾಂಗಲ್ಯಧಾರಣೆಯ ವೇಳೆಗೆ ಸರಿಯಾಗಿ ಐನೂರು ಜನ ಒಟ್ಟಿಗೆ ಅಕ್ಷತೆ ಎರಚುತ್ತಾರೆ. ಹಳೆಯ ಯಂತ್ರವು ಎಷ್ಟೋ ಸಲ ಮದುಮಗಳ ಕಣ್ಣನ್ನು ಬಿಟ್ಟು ಗಾಳಿಯಲ್ಲಿರುವ ಅಕ್ಕಿಕಾಳನ್ನು ಸ್ಪಷ್ಟವಾಗಿ ಹಿಡಿದಿದೆ. ಹೋಮದ ಹೊಗೆ ಏರಿದರೆ ಫೋಕಸ್ಸು ತಡಕಾಡುತ್ತದೆ. ವರನು ಉಟ್ಟ ಬಿಳಿಯ ಪಂಚೆಯ ಹೊಳಪಿಗೆ ಯಂತ್ರವು ಮೋಸಹೋಗಿ ಬೆಳಕನ್ನು ಕಡಮೆ ಮಾಡಿದರೆ ನಮ್ಮ ಮೈಬಣ್ಣದ ಮುಖ ಕಪ್ಪಿಡುತ್ತದೆ. ಇವುಗಳಲ್ಲಿ ಬಹುಭಾಗಕ್ಕೆ ಹೊಸ ಯಂತ್ರಗಳಲ್ಲಿ ಪರಿಹಾರವಿದೆ. ಅವು ಮನುಷ್ಯನ ಕಣ್ಣನ್ನು ಗುರುತಿಸಿ ಅದನ್ನೇ ಹಿಂಬಾಲಿಸುತ್ತವೆ; ನಮಗೇ ಸರಿಯಾಗಿ ಕಾಣದ ಕತ್ತಲೆಯಲ್ಲಿಯೂ ಫೋಕಸ್ ಹಿಡಿಯುತ್ತವೆ; ಪಟವು ಎಷ್ಟು ಬೆಳಕಾಗಿ ಬಂದೀತೆಂಬುದನ್ನು ಗುಂಡಿಯೊತ್ತುವ ಮೊದಲೇ ತೋರಿಸುತ್ತವೆ. ನಮ್ಮ ಬೆಂಗಳೂರಿನಲ್ಲಿ ಬಾಳಿ 2017ರಲ್ಲಿ ತೀರಿಕೊಂಡ ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಅಂಥವರ ತಾಳ್ಮೆಯನ್ನು ಹೊಗಳುವುದು ವಾಡಿಕೆ, ನಾನೂ ಕೈಮುಗಿಯುತ್ತೇನೆ. ಆದರೆ ಹಕ್ಕಿಯು ಈ ದಿನ ಬಾರದಿದ್ದರೆ ನಾಳೆ ಬಂದೀತು. ನಮಗೆ ನಾಳೆಯಿಲ್ಲ. ನಾಳೆ ಅದೇ ಮಂಟಪದಲ್ಲಿ ಬೇರೆಯವರ ಮದುವೆ.

ಮಗಳು ಎಲ್ಲವನ್ನೂ ಓದಿ, ಒಂದು ಹಾಳೆಯಲ್ಲಿ ಲೆಕ್ಕ ಬರೆದು ಮುಂದಿಟ್ಟಳು. ಎರಡು ಯಂತ್ರಗಳು: ಒಂದು, 2022ರ ಆರ್6 ಮಾರ್ಕ್ 2, ಇನ್ನೊಂದು, 2023ರ ಆರ್8. ಎರಡಕ್ಕೂ 24.2 ಮೆಗಾಪಿಕ್ಸೆಲ್ಲಿನ ಒಂದೇ ಬಗೆಯ ಫಲಕ. “ಪಟ ಎರಡರಲ್ಲೂ ಒಂದೇ ಅಪ್ಪ. ಆರ್8 ಹಗುರ, ಬೆಲೆ ಎಷ್ಟೋ ಕಡಮೆ. ಇನ್ನೊಂದು ಎರಡು ಲಕ್ಷ ದಾಟುತ್ತೆ. ಅದನ್ನ ಯಾಕೆ ತಗೋಬೇಕು?”

ಹಗುರವಾದುದರ ಬ್ಯಾಟರಿ ಸಣ್ಣದು, ಕೈ ನಡುಗಿದರೆ ತಡೆಯುವ ಏರ್ಪಾಟು ಅದರ ಒಡಲಲ್ಲಿಲ್ಲ, ನಮ್ಮ ಹಳೆಯ ಬ್ಯಾಟರಿಗಳು ಆರ್6ಕ್ಕೆ ಕೂರುತ್ತವೆ ಎಂದು ನಾನು ಹೇಳಿದೆನು. ಅವಳು ಒಂದೊಂದಕ್ಕೂ ಉತ್ತರ ಹೇಳಿದಳು. ಬ್ಯಾಟರಿ ನಾಲ್ಕು ಕೊಂಡರಾಯಿತು. ನಡುಗಿದರೆ ಶಟರಿನ ವೇಗ ಹೆಚ್ಚಿಸಿದರಾಯಿತು. ಕಡೆಗೆ ನಾನು, “ಅದಕ್ಕೆ ಕಾರ್ಡಿನ ಮನೆ ಒಂದೇ” ಎಂದೆನು. ಸ್ಲಾಟು ಎಂದು ಅಂಗಡಿಯ ಮಾತು. ಗುಂಡಿಗೆ ಮನೆಯಿರುವಂತೆ ಕಾರ್ಡು ಕೂರುವುದಕ್ಕೂ ಮನೆ. ಆರ್6ಕ್ಕೆ ಎರಡಿವೆ, ಒಂದೇ ಪಟವನ್ನು ಎರಡು ಕಾರ್ಡಿಗೂ ಏಕಕಾಲದಲ್ಲಿ ಬರೆಯಬಹುದು. ನನ್ನ ಹಳೆಯದರಲ್ಲಿಯೂ ಹಾಗೆಯೆ.

ಅದಕ್ಕೂ ಅವಳಲ್ಲಿ ಉತ್ತರವಿದ್ದಿತು, ಒಳ್ಳೆಯ ಉತ್ತರವೇ. “ನೀವೊಂದು ಕಡೆಯಿಂದ, ನಾನೊಂದು ಕಡೆಯಿಂದ ತೆಗೀತೀವಲ್ಲ. ಅಲ್ಲಿಗೆ ಎರಡು ಕಾರ್ಡಾಯಿತು. ಹೊಸ ಕಾರ್ಡು ತಗೊಂಡರೆ ಕೆಡೋದು ಎಷ್ಟು ಸಲ? ಲಕ್ಷಕ್ಕೊಂದು. ಆ ಲಕ್ಷಕ್ಕೊಂದಕ್ಕೆ ನಾವು ಇಷ್ಟು ದುಡ್ಡು ಸುರೀಬೇಕಾ?”

ನಾನು ಸುಮ್ಮನಾದೆನು. ಆಮೇಲೆ, ಹನ್ನೊಂದು ವರ್ಷ ಯಾರಿಗೂ ಹೇಳದೆ ಇದ್ದುದನ್ನು ಹೇಳಿದೆನು.

2014ರ ಆರಂಭದಲ್ಲಿ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ. ಆಗ ನನ್ನ ಬಳಿ ಇದ್ದುದು ಒಂದೇ ಮನೆಯ ಯಂತ್ರ. ಅದರ ಹೆಸರು ಬೇಡ, ದೋಷ ಅದರದಲ್ಲ. ಕಾರ್ಡು ಹಳೆಯದು. ಹಿಂದೆ ಎರಡು ಸಲ ತೊದಲಿದ್ದಿತು. ಬದಲಾಯಿಸಬೇಕೆಂದುಕೊಂಡು, ಆ ತಿಂಗಳು ಬಾಡಿಗೆ ಕೊಡಬೇಕಾಗಿದ್ದುದರಿಂದ ಮುಂದಕ್ಕೆ ಹಾಕಿದ್ದೆನು. ಮದುಮಗಳ ಅಜ್ಜಿಯನ್ನು ನರ್ಸಿಂಗ್ ಹೋಮಿನಿಂದ ಒಂದು ಗಂಟೆಯ ಮಟ್ಟಿಗೆ ಕರೆತಂದಿದ್ದರು. ಗಾಲಿಕುರ್ಚಿಯನ್ನು ನಾಲ್ಕು ಜನ ಎತ್ತಿ ಮಂಟಪದ ಮೇಲೆ ಇಟ್ಟರು. ಆಕೆ ಕೈಯೆತ್ತಿ ಅಕ್ಷತೆ ಹಾಕುವುದಕ್ಕಾಗದೆ ಮೊಮ್ಮಗಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಕೂದಲಲ್ಲಿ ಅಕ್ಕಿಕಾಳುಗಳನ್ನು ಒಂದೊಂದಾಗಿ ಇಟ್ಟರು. ನಾನು ಎಂಟು ಹತ್ತು ಪಟ ತೆಗೆದೆನು. ವಿಡಿಯೋದವನು ಆ ಹೊತ್ತಿಗೆ ಊಟದ ಮನೆಯಲ್ಲಿದ್ದನು. ನನ್ನ ಇಡೀ ವೃತ್ತಿಯಲ್ಲಿ ಅದಕ್ಕಿಂತ ಒಳ್ಳೆಯ ಪಟ ತೆಗೆದಿಲ್ಲವೆಂದು ನನಗೆ ಆಗಲೇ ಗೊತ್ತಿದ್ದಿತು.

ರಾತ್ರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಏನೂ ಇರಲಿಲ್ಲ. ಮೂರು ಕಡೆ ಕೊಟ್ಟು ತೆಗೆಸಿ ನೋಡಿದೆನು. ವರಪೂಜೆಯ ಕೆಲವು ಪಟಗಳು ತುಂಡುತುಂಡಾಗಿ ಬಂದುವು. ಹನ್ನೆರಡು ದಿನದ ಮೇಲೆ ಅಜ್ಜಿ ತೀರಿಕೊಂಡರು. ನಾನು ಪೂರ್ತಿ ಹಣವನ್ನು ತೆಗೆದುಕೊಂಡು ಅವರ ಮನೆಗೆ ಹೋದೆನು. ಬಯ್ಯುತ್ತಾರೆಂದು ಸಿದ್ಧನಾಗಿ ಹೋಗಿದ್ದೆನು. ಮದುಮಗಳ ತಂದೆ ಬಯ್ಯಲಿಲ್ಲ. “ಅಮ್ಮನದು ಒಂದೂ ಇಲ್ಲವೆ?” ಎಂದು ಮಾತ್ರ ಕೇಳಿದರು. ಯಾರೋ ಹುಡುಗ ಮೊಬೈಲಿನಲ್ಲಿ ತೆಗೆದಿದ್ದ ಒಂದಿದ್ದಿತು. ಅಜ್ಜಿಯ ಅರ್ಧ ಮುಖ, ಮುಂದೆ ಯಾರದೋ ಮೊಳಕೈ. ಅದನ್ನೇ ನಾನು ನಾಲ್ಕು ದಿನ ಕುಳಿತು ತಿದ್ದಿ, ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ಕೊಟ್ಟೆನು. ಮೊಳಕೈಯನ್ನು ತೆಗೆಯುವುದು ಸಾಧ್ಯವಾಯಿತು. ಉಳಿದರ್ಧ ಮುಖವನ್ನು ನಾನು ಎಲ್ಲಿಂದ ತರಲಿ? ಎರಡು ಮನೆಯ 5ಡಿಯನ್ನು ಸಾಲ ಮಾಡಿ ಕೊಂಡುದು ಅದಾದ ತಿಂಗಳೇ. ಹಳೆಯ ಯಂತ್ರ ಸವೆದುಹೋಯಿತೆಂದು ಮನೆಯಲ್ಲಿ ಹೇಳಿದ್ದೆನು.

ಮಗಳಿಗೆ ಆಗ ಹನ್ನೊಂದು ವರ್ಷ. ಅವಳು ಸ್ವಲ್ಪ ಹೊತ್ತು ತನ್ನ ಹಾಳೆಯನ್ನು ಮಡಿಸುತ್ತಲೂ ಬಿಡಿಸುತ್ತಲೂ ಇದ್ದಳು. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದುದನ್ನು ನಾನು ನೋಡಿರಲಿಲ್ಲ.

“ದುಡ್ಡು ವಾಪಸ್ಸು ಕೊಟ್ಟಿರಾ?” ಎಂದಳು.

“ಪೂರ್ತಿ.”

“ಅವರು ತಗೊಂಡರಾ?”

“ಮೇಜಿನ ಮೇಲಿಟ್ಟು ಬಂದೆ.”

“ಸರಿ” ಎಂದು ಒಳಗೆ ಹೋದಳು.

ಮಗಳ ಲೆಕ್ಕ ತಪ್ಪಲ್ಲವೆಂದು ಈಗಲೂ ಹೇಳುತ್ತೇನೆ. ಇಬ್ಬರು ಎರಡು ಯಂತ್ರ ಹಿಡಿದರೆ ಮದುವೆಯೆಂಬುದು ಹೇಗೂ ಉಳಿಯುತ್ತದೆ. ಆದರೆ ನಾನು ನಿಂತ ಕಡೆ ಅವಳು ನಿಂತಿರುವುದಿಲ್ಲ. ಅವಳು ಕಂಡುದನ್ನು ನಾನು ಕಂಡಿರುವುದಿಲ್ಲ. ಉಳಿಯುವುದು ಮದುವೆ, ಅಜ್ಜಿ ಉಳಿಯುವಳೆಂದು ಹೇಳುವಂತಿಲ್ಲ. ಅವಳು ವಾದಿಸಲಿಲ್ಲ. ಮರುದಿನ ಬೆಳಿಗ್ಗೆ ಹಾಳೆಯ ಕೆಳಗೆ ‘ಆರ್6’ ಎಂದು ಬರೆದು, ಪಕ್ಕದಲ್ಲಿ ‘ಒಂದೇ ಒಂದು’ ಎಂದು ಸೇರಿಸಿದ್ದಳು. ಹಳೆಯ 5ಡಿ ಎರಡನೆಯ ಯಂತ್ರವಾಗಿ, ಕೆಟ್ಟುಹೋಗುವ ತನಕ ನನ್ನ ಕೈಯಲ್ಲಿ. ಹೊಸದು ಅವಳ ಕೈಯಲ್ಲಿ. ಇದನ್ನು ನಾನು ಸೂಚಿಸಿರಲಿಲ್ಲ. ಆದರೂ ಕಣ್ಣನ್ನು ಹಿಡಿಯುವ ಯಂತ್ರ ಹೊಸ ಕಣ್ಣಿನವಳ ಬಳಿ ಇರುವುದು ಸರಿಯೆಂದು ತೋರಿತು.

ಕೊಂಡ ಬಗೆಯನ್ನು ವಿಸ್ತರಿಸಬೇಕಾಗಿಲ್ಲ. ಅರ್ಧ ಕೈಯ ಹಣ, ಅರ್ಧ ಕಂತು. ಬೆಲೆಯಲ್ಲಿ ನೂರಕ್ಕೆ 18ರಂತೆ ಜಿಎಸ್‌ಟಿ. 2018ರ ಕೊನೆಯ ತನಕ 28 ಇದ್ದುದು ಇಳಿದದ್ದು ಎಂದು ಅಂಗಡಿಯವರು ಸಮಾಧಾನ ಹೇಳಿದರು. ಕಾರ್ಡುಗಳನ್ನು ಬಿಲ್ಲಿನೊಂದಿಗೆ ಹೊಸದಾಗಿಯೇ ಕೊಂಡೆವು, ನಾಲ್ಕು. ಅವುಗಳ ಮೇಲೆ ಮಗಳು ಕೊಂಡ ತಿಂಗಳನ್ನು ಬರೆದಂಟಿಸಿದಳು, ಔಷಧಿಯ ಸೀಸೆಯ ಮೇಲೆ ಬರೆಯುವಂತೆ.

ಹೊಸ ಯಂತ್ರದಲ್ಲಿ ಇನ್ನೊಂದು ಗುಣವುಂಟು. ಬೇಕಾದರೆ ಅದು ಶಬ್ದವನ್ನೇ ಮಾಡುವುದಿಲ್ಲ. ಕನ್ನಡಿಯಂತೂ ಇಲ್ಲ, ಯಾಂತ್ರಿಕ ಶಟರನ್ನೂ ಬಳಸದೆ ಫಲಕವನ್ನು ಸಾಲುಸಾಲಾಗಿ ಓದಿಕೊಳ್ಳುತ್ತದೆ. ಇದಕ್ಕೆ ಒಂದು ತೊಡಕು: ಎಲ್‌ಇಡಿ ದೀಪಗಳಲ್ಲಿ ಅನೇಕವು ನಮ್ಮ ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮಿನುಗುತ್ತಿರುತ್ತವೆ, ಸಾಲುಸಾಲಾಗಿ ಓದುವ ಯಂತ್ರಕ್ಕೆ ಆ ಮಿನುಗು ಪಟದ ಮೇಲೆ ಅಡ್ಡಪಟ್ಟೆಗಳಾಗಿ ಬೀಳುತ್ತದೆ. ಆರತಕ್ಷತೆಯ ವೇದಿಕೆಗಳು ಈಗ ಎಲ್‌ಇಡಿ ಗೋಡೆಗಳಿಂದಲೇ ಕಟ್ಟಿದವು. ಅಲ್ಲಿ ಈ ಮೌನ ನಡೆಯದು. ಹಗಲು ಬೆಳಕಿನಲ್ಲಿ ಮಾತ್ರ ಅದರ ಬೆಲೆ ತಿಳಿಯುತ್ತದೆ. ಧಾರೆಯೆರೆಯುವಾಗ ತಾಯಿಯ ಕಣ್ಣಲ್ಲಿ ನೀರು ಬರುವುದುಂಟು. ಹಳೆಯ ಯಂತ್ರ ‘ಟಕ್’ ಎಂದ ಕೂಡಲೆ ಆಕೆ ಎಚ್ಚತ್ತು, ಕಣ್ಣೊರಸಿಕೊಂಡು, ಕ್ಯಾಮರಾದ ಕಡೆಗೆ ನಗುವಳು. ನನ್ನ ಆಲ್ಬಮ್ಮುಗಳಲ್ಲಿ ಎಲ್ಲ ತಾಯಂದಿರೂ ನಗುತ್ತಿರುವುದಕ್ಕೆ ಕಾರಣ ಇದು.

ಶ್ರಾವಣದ ಮೊದಲ ಮದುವೆ ಕೆಂಗೇರಿಯ ಕಡೆ. ಮೈಸೂರು ರಸ್ತೆಯುದ್ದಕ್ಕೂ ಈಗ ದೊಡ್ಡ ದೊಡ್ಡ ಮಂಟಪಗಳು. ರಾಜಾಜಿನಗರದವರೂ ಅಲ್ಲಿಗೇ ಹೋಗಿ ಮದುವೆ ಮಾಡುತ್ತಾರೆ. ಮಂಟಪದ ಒಂದು ಪಕ್ಕ ಪೂರ್ತಿ ಬಯಲಿಗೆ ತೆರೆದಿದ್ದಿತು. ಒಂಬತ್ತೂವರೆಯ ಮುಹೂರ್ತ, ಒಳ್ಳೆಯ ಬೆಳಕು. ಮಗಳು ಮಂಟಪದ ಮುಂದೆ ಹೊಸ ಯಂತ್ರ ಹಿಡಿದು ನಿಂತಳು, ನಾನು ಪಕ್ಕದ ಕಂಬದ ಬಳಿ ಹಳೆಯದನ್ನು ಹಿಡಿದು, ಅವಳ ಮೌನ ಕೆಡಬಾರದೆಂದು ಗುಂಡಿಯನ್ನೊತ್ತದೆ ನಿಂತೆನು. ಬಾಸಿಂಗ ಕಟ್ಟಿದ ವರನ ಮುಖವನ್ನು ಯಂತ್ರವು ಮೊದಲು ಮುಖವೆಂದು ಒಪ್ಪದೆ ಹಿಂದೆ ಕುಳಿತಿದ್ದ ಪುರೋಹಿತರ ಕಣ್ಣನ್ನು ಹಿಡಿಯಿತಂತೆ. ಅವಳು ಅದನ್ನು ಸರಿಪಡಿಸಿಕೊಂಡಳು. ಧಾರೆಯಾಯಿತು. ತಾಯಿ ಅತ್ತರು, ಒಂದು ನಿಮಿಷ ಅಳುತ್ತಲೇ ಇದ್ದರು, ಯಾರೂ ಎಚ್ಚರಿಸಲಿಲ್ಲ.

ಆಮೇಲೆ ಮಾಂಗಲ್ಯಧಾರಣೆ. ಪುರೋಹಿತರು ಮಂತ್ರ ಹೇಳಿ, ಮಾಂಗಲ್ಯವನ್ನು ವರನ ಕೈಗೆ ಕೊಟ್ಟರು. ವರನು ಅದನ್ನು ಮದುಮಗಳ ಕೊರಳ ಬಳಿಗೆ ತಂದನು. ಪುರೋಹಿತರು ಅವನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದರು. ವಾದ್ಯದವರು ಅವರ ಕೈಸನ್ನೆಯನ್ನೇ ನೋಡುತ್ತಿದ್ದರು. ಜನ ಅಕ್ಷತೆ ಹಿಡಿದು ಎದ್ದು ನಿಂತಿದ್ದರು. ಏನೂ ನಡೆಯಲಿಲ್ಲ. ಐದು ಸೆಕೆಂಡು, ಹತ್ತು ಸೆಕೆಂಡು.

“ಏನಮ್ಮಾ, ಫೋಟೋ ತೆಗೆಯೋದಿಲ್ಲವೇ? ಮುಹೂರ್ತ ಮೀರುತ್ತೆ” ಎಂದರು ಪುರೋಹಿತರು.

“ತೆಗೀತಾನೇ ಇದೀನಿ ಸ್ವಾಮಿ, ಆಗಲೇ ಮೂವತ್ತಾಯಿತು” ಎಂದಳು ಮಗಳು.

ಅವರು ನಂಬಲಿಲ್ಲ. ಯಂತ್ರವನ್ನೂ ಅವಳನ್ನೂ ಒಂದು ಸಲ ನೋಡಿ, ಕಂಬದ ಬಳಿ ನಿಂತಿದ್ದ ನನ್ನ ಕಡೆಗೆ ತಿರುಗಿದರು. ನಾನು 5ಡಿಯನ್ನೆತ್ತಿ ಒಂದು ಪಟ ತೆಗೆದೆನು. ‘ಟಕ್’ ಎಂದಿತು.

“ಹಾಂ, ಈಗಾಯಿತು” ಎಂದು ಅವರು ವರನ ಕೈಬಿಟ್ಟು, ವಾದ್ಯದವರ ಕಡೆಗೆ ತಿರುಗಿ ಕೂಗಿದರು: “ಗಟ್ಟಿಮೇಳ! ಗಟ್ಟಿಮೇಳ!”